ಎಪ್ಪತ್ತೆಂಟು ಪಾಯಿಂಟ್ ನಾಲ್ಕು

೨೦೦೭ರ ಏಪ್ರಿಲ್ ೨೮, ಶನಿವಾರ, ಬೆಳಿಗ್ಗೆ ಆರೂ ಮುಕ್ಕಾಲು: ೭೮.೪ ಕಿಲೋ.
ಮೇ ೫, ಶನಿವಾರ, ಅದೇ ಹೊತ್ತು: ೭೮.೬.
ಮೇ ೧೨, ಶನಿವಾರ: ೭೮.೪.

ನೋಟ್‌ಬುಕ್ಕಿನಲ್ಲಿ ಈ ಮೂರು ಸಾಲುಗಳು ಒಂದರ ಕೆಳಗೊಂದು ಇವೆ. ಮೂರನೆಯದನ್ನು ಬರೆಯುವಾಗ ಪೆನ್ನನ್ನು ಬಲವಾಗಿ ಒತ್ತಿದ್ದೆನೆಂದು ಕಾಣುತ್ತದೆ, ಹಾಳೆಯ ಹಿಂಬದಿಯಲ್ಲಿ ಅಂಕಿ ಉಬ್ಬಿಕೊಂಡಿದೆ. ಏಪ್ರಿಲ್ ೨೮ಕ್ಕೆ ಮುಂಚಿನ ಹನ್ನೊಂದು ವಾರಗಳಲ್ಲಿ ತೂಕ ಒಂದು ಶನಿವಾರವೂ ನಿಂತಿರಲಿಲ್ಲ. ಕೆಲವು ವಾರ ಇನ್ನೂರು ಗ್ರಾಂ, ಕೆಲವು ವಾರ ಏಳುನೂರು, ಅಂತೂ ಇಳಿಯುತ್ತಿತ್ತು. ೮೩.೨ರಿಂದ ಇಲ್ಲಿಗೆ ಬಂದಿದ್ದೆ. ಇಲ್ಲಿ ನಿಂತುಹೋಯಿತು.

ಆಗ ನನಗೆ ಇಪ್ಪತ್ತಾರು. ಧಾರವಾಡದಿಂದ ಮೆಲ್ಬರ್ನ್‌ಗೆ ಓದಲು ಬಂದು, ಪಿಆರ್, ಅಂದರೆ ಅಲ್ಲೇ ನೆಲೆಸುವ ಪರವಾನಗಿ, ಸಿಕ್ಕ ಮೇಲೆ ಕೆಲಸಕ್ಕಾಗಿ ಸಿಡ್ನಿಗೆ ಹೋಗಿದ್ದೆ. ಪ್ಯಾರಮಟ್ಟಾದ ಒಂದು ಆಫೀಸಿನಲ್ಲಿ ಕೂತು, ಕಂಪ್ಯೂಟರ್ ಕೆಟ್ಟಿದೆ ಎನ್ನುವವರ ಫೋನುಗಳಿಗೆ ದಿನವಿಡೀ ಉತ್ತರ ಕೊಡುವುದು ನನ್ನ ಕೆಲಸ. ಸ್ಟೇಷನ್ನಿಗೆ ಹತ್ತಿರದಲ್ಲೇ ಎರಡನೆಯ ಮಹಡಿಯ ಫ್ಲ್ಯಾಟು, ಜೊತೆಗೆ ಮೈಸೂರಿನ ಕಡೆಯ ಒಬ್ಬ ಹುಡುಗಿ. ಫೆಬ್ರವರಿ ೧೨ರಂದು, ಸುಸ್ತು ಎಂದು ಡಾಕ್ಟರ ಹತ್ತಿರ ಹೋಗಿದ್ದ ನನಗೆ ರಕ್ತಪರೀಕ್ಷೆಯ ಫಲಿತಾಂಶ ಸಿಕ್ಕಿತು. ಖಾಲಿ ಹೊಟ್ಟೆಯ ಸಕ್ಕರೆ ಅಲ್ಲಿಯ ಅಳತೆಯಲ್ಲಿ ೬.೪, ನಮ್ಮೂರಿನ ಲೆಕ್ಕದಲ್ಲಿ ಸುಮಾರು ೧೧೫. ಡಾಕ್ಟರಮ್ಮ ವಯಸ್ಸಾದವರು, ನಿಧಾನವಾಗಿ ಮಾತಾಡುವವರು. ಕಾಗದದ ಮೇಲೆ ಎರಡು ಗೆರೆ ಎಳೆದರು. ಕೆಳಗಿನ ಗೆರೆ ೬.೧, ಮೇಲಿನದು ೭. ಮೇಲಿನ ಗೆರೆ ದಾಟಿದರೆ ಕಾಯಿಲೆ. ಎರಡರ ನಡುವೆ ನನ್ನ ಹೆಸರಿನ ಒಂದು ಚುಕ್ಕೆ ಇಟ್ಟರು. ಏಳು ಕಿಲೋ ಇಳಿಸಬೇಕು, ದಿನವೂ ನಡೆಯಬೇಕು, ಆಗಸ್ಟ್ ೧೩ಕ್ಕೆ ಮತ್ತೆ ಪರೀಕ್ಷೆ, ಚುಕ್ಕೆ ಮೇಲಕ್ಕೆ ಹೋಗಿದ್ದರೆ ಮಾತ್ರೆ ಶುರು ಎಂದರು.

ಆ ಕಾಗದವನ್ನು ಮಡಿಚಿ ಚೀಲದಲ್ಲಿಟ್ಟುಕೊಂಡು ಹೊರಗೆ ಬಂದಾಗ ಬಿಸಿಲಿತ್ತು, ನನಗೆ ಚಳಿಯಾಗುತ್ತಿತ್ತು.

ಯಾಕೆಂದರೆ ಆ ಕಾಯಿಲೆಯನ್ನು ನಾನು ಮನೆಯಲ್ಲೇ ನೋಡಿದ್ದೆ. ಅಪ್ಪನಿಗೆ ಅದು ಗೊತ್ತಾದಾಗ ಅವನಿಗೆ ಮೂವತ್ತೊಂದು. ನಾನು ಏಳನೆಯ ತರಗತಿಯಲ್ಲಿದ್ದಾಗ ಎಡಗಾಲಿನ ಹೆಬ್ಬೆರಳು ತೆಗೆದರು. ಪಿಯುಸಿಯಲ್ಲಿದ್ದಾಗ ಅದೇ ಪಾದವನ್ನು. ಡಿಗ್ರಿಯ ಎರಡನೆಯ ವರ್ಷದಲ್ಲಿ ಅಪ್ಪ ಹೋದ. ನಡುವಿನ ಅಷ್ಟೂ ವರ್ಷ ಅವನ ಲೆಕ್ಕ ಬರೆಯುತ್ತಿದ್ದವಳು ನಾನು. ಮೂತ್ರದಲ್ಲಿ ಅದ್ದುವ ಕಾಗದದ ಪಟ್ಟಿ, ಅದು ತಿರುಗುವ ಬಣ್ಣ, ಡಬ್ಬಿಯ ಮೇಲಿನ ಬಣ್ಣಗಳ ಸಾಲಿಗೆ ಹಿಡಿದು ಹೋಲಿಸುವುದು, ತಾರೀಖಿನ ಮುಂದೆ ನೀಲಿ, ಹಸಿರು, ಕಂದು ಎಂದು ಬರೆಯುವುದು. ನನ್ನ ಅಕ್ಷರ ದುಂಡಗಾದದ್ದೇ ಆ ನೋಟ್‌ಬುಕ್ಕಿನಲ್ಲಿ. ತಾರೀಖು ಹಾಕಿ ಬರೆಯುವ ಈ ಅಭ್ಯಾಸವನ್ನು ನೋಡಿ ಶಿಸ್ತಿನ ಹುಡುಗಿ ಎಂದು ಹೊಗಳುವವರಿಗೆ ಅದು ಎಲ್ಲಿಂದ ಬಂತೆಂದು ನಾನು ಹೇಳುವುದಿಲ್ಲ.

ಇಪ್ಪತ್ತಾರಕ್ಕೆ ನನ್ನ ಚುಕ್ಕೆ ಗೆರೆಗಳ ನಡುವೆ ಬಂದಿತ್ತು. ಅಪ್ಪನಿಗಿಂತ ಐದು ವರ್ಷ ಮುಂಚೆ.

ಹಾಗಾಗಿ ಮೇ ೧೨ರಂದು ೭೮.೪ ಮತ್ತೆ ಬಂದಾಗ ನಾನು ತೂಕದ ಸ್ಕೇಲಿನಿಂದ ಇಳಿದು, ಅದನ್ನು ಸ್ವಲ್ಪ ಸರಿಸಿ, ಮತ್ತೆ ಹತ್ತಿದೆ. ಮತ್ತೆ ಇಳಿದು, ಅಡುಗೆಮನೆಯ ಟೈಲ್ಸ್ ಮೇಲೆ ಇಟ್ಟು ಎರಡು ಸಲ ಹತ್ತಿದೆ. ಜೊತೆಯ ಹುಡುಗಿ ಟೀ ಕುದಿಸುತ್ತಿದ್ದವಳು ನಕ್ಕಳು.

"ಪಾಪ, ದಿನಾ ಅದರ ಮೇಲೆ ಹತ್ತಿ ಇಳಿದು ಮಾಡ್ತೀಯಲ್ಲೇ, ಅದಕ್ಕೂ ಬೋರ್ ಆಗಿರುತ್ತೆ. ಒಂದ್ ನಂಬರ್ ಹೇಳಿ ಮಲ್ಕೊಂಡಿದೆ ಅಷ್ಟೇ."

"ದಿನಾ ಅಲ್ಲ, ವಾರಕ್ಕೊಮ್ಮೆ" ಎಂದೆ.

"ಇವತ್ತೊಂದೇ ದಿನ ನಾಲ್ಕು ಸಲ ಆಯ್ತು. ಅದನ್ನೂ ಬರ್ಕೋ."

ಬರೆದುಕೊಂಡೆ. ನಾಲ್ಕು ಸಲ, ನಾಲ್ಕೂ ಸಲ ೭೮.೪.

ಒಂದು ವಾರ ಮುಂಚೆಯೇ, ಮೇ ೫ರ ಬೆಳಿಗ್ಗೆ, ಅಕ್ಕನಿಗೆ ಫೋನ್ ಮಾಡಿದ್ದೆ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು, ಗಂಡ ಮತ್ತು ಮಗಳ ಜೊತೆ ಮೆಲ್ಬರ್ನ್‌ನ ಗ್ಲೆನ್ ವೇವರ್ಲಿಯಲ್ಲಿ ಇರುತ್ತಾಳೆ. ಇಳಿಯುತ್ತಿದ್ದದ್ದು ಏರಿದೆ ಎಂದು ಹೇಳಿದ್ದಕ್ಕೆ ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಶನಿವಾರ ಒಪ್ಪತ್ತು ಹಿಡಿ. ಮಧ್ಯಾಹ್ನ ಒಂದು ಊಟ, ರಾತ್ರಿ ಫಳಾರ. ಅಪ್ಪಾನೂ ಹಿಡೀತಿದ್ದಾ, ನಾನೂ ಹಿಡೀತೀನಿ. ಮೈ ಹಗೂರ ಆಗತದ ನೋಡು."

ಸರಿ ಎನಿಸಿತು. ದಿನಕ್ಕೆ ಎರಡು ಊಟದಲ್ಲಿ ಒಂದು ಕಡಿಮೆಯಾದರೆ ತೂಕ ಇಳಿಯಲೇಬೇಕು. ಅಂದಿನಿಂದಲೇ ಶುರು ಮಾಡಿದೆ. ತೂಕ ಕದಲದಿದ್ದಾಗ ಮೇ ೨೧ರಿಂದ ಸೋಮವಾರ ಪೂರ್ತಿ ಉಪವಾಸ ಸೇರಿಸಿದೆ. ಆಗಲೂ ಕದಲದಿದ್ದಾಗ ಜೂನ್ ೭ರಿಂದ ಗುರುವಾರ. ನೋಟ್‌ಬುಕ್ಕಿನಲ್ಲಿ ನಾಲ್ಕು ಅಂಕಣಗಳಿದ್ದವು: ತಾರೀಖು, ನಡೆದ ನಿಮಿಷ, ಊಟದ ಕ್ಯಾಲೊರಿ, ತೂಕ. ದಿನಕ್ಕೆ ಸಾವಿರದ ನಾನೂರು ದಾಟಬಾರದು ಎಂದು ಡಾಕ್ಟರಮ್ಮನ ಕಡೆಯ ನರ್ಸ್ ಒಂದು ಪಟ್ಟಿ ಕೊಟ್ಟಿದ್ದಳು. ಯಾವ ಕಾಳಿಗೆ ಎಷ್ಟು, ಯಾವ ಹಣ್ಣಿಗೆ ಎಷ್ಟು ಎಂದು ಅದರಲ್ಲಿತ್ತು. ಉಪವಾಸದ ದಿನಗಳ ಮುಂದೆ ನಾನು ಸೊನ್ನೆ ಬರೆಯುತ್ತಿದ್ದೆ. ಸೊನ್ನೆಗಳು ಜಾಸ್ತಿಯಾದಷ್ಟೂ ಪುಟ ಚೆನ್ನಾಗಿ ಕಾಣುತ್ತಿತ್ತು.

ತೂಕದ ಅಂಕಣ ಮಾತ್ರ ಹೀಗೆ: ೭೮.೪, ೭೮.೫, ೭೮.೩, ೭೮.೭, ೭೮.೪.

ಆ ವಾರಗಳಲ್ಲಿ ನಾನು ನಡಿಗೆ ತಪ್ಪಿಸಿದ್ದು ಎರಡೇ ದಿನ. ಬೆಳಿಗ್ಗೆ ಆರಕ್ಕೆ ಹೊಳೆಯ ಪಕ್ಕದ ದಾರಿಯಲ್ಲಿ ನಲವತ್ತನಾಲ್ಕು ನಿಮಿಷ, ಸಂಜೆ ಲಿಫ್ಟ್ ಬಿಟ್ಟು ಮೆಟ್ಟಿಲು. "ಏನೇ ಛಲ ನಿಂದು, ನಾನಾಗಿದ್ರೆ ಮೂರನೇ ವಾರಕ್ಕೇ ಒಂದ್ ಪಿಜ್ಜಾ ಆರ್ಡರ್ ಮಾಡ್ತಿದ್ದೆ" ಎಂದು ಜೊತೆಯ ಹುಡುಗಿ ಎಲ್ಲರೆದುರು ಹೇಳುತ್ತಿದ್ದಳು. ಅದು ಛಲವಾಗಿರಲಿಲ್ಲ. ಬೆಳಿಗ್ಗೆ ಎಚ್ಚರವಾದ ಕೂಡಲೇ ಎಡಗಾಲಿನ ಹೆಬ್ಬೆರಳನ್ನು ಆಡಿಸಿ ನೋಡುತ್ತಿದ್ದೆ. ಅದು ಅಲ್ಲಾಡಿದರೆ ಎದ್ದು ಶೂ ಹಾಕಿಕೊಳ್ಳುತ್ತಿದ್ದೆ. ಇಷ್ಟೇ ನನ್ನ ಉತ್ಸಾಹ.

ಹೆದರಿಕೆ ಮೈಯ ತುಂಬ ಗುರುತುಗಳನ್ನು ಹುಡುಕುತ್ತಿತ್ತು. ಜೂನ್ ೪ರ ಪುಟದಲ್ಲಿ ಹೀಗಿದೆ: 'ನೀರು ೧೧ ಲೋಟ, ಬಾತ್‌ರೂಮಿಗೆ ೯ ಸಲ.' ಜೂನ್ ೫: 'ನೀರು ೬ ಲೋಟ, ೭ ಸಲ.' ಹೆಚ್ಚು ಬಾಯಾರಿಕೆಯಾಗಿ ಕುಡಿದೆನೋ, ಎಣಿಸುತ್ತಿದ್ದುದರಿಂದ ಬಾಯಾರಿಕೆಯಾಯಿತೋ ತಿಳಿಯದೆ ಮಾರನೆಯ ದಿನ ಎಣಿಸುವುದನ್ನೇ ಬಿಟ್ಟೆ. ಆಫೀಸಿನಲ್ಲಿ ಪರದೆಯ ಅಕ್ಷರಗಳು ಮಸುಕಾದಂತೆ ಕಂಡರೆ ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಹೊಳೆಯ ದಾರಿಯಲ್ಲಿ ಕಾಲ್ಬೆರಳುಗಳು ಮರಗಟ್ಟಿದವು. ಬೆಂಚಿನ ಮೇಲೆ ಕೂತು ಶೂ ಬಿಚ್ಚಿ, ಸಾಕ್ಸ್ ಬಿಚ್ಚಿ, ಒಂದೊಂದೇ ಬೆರಳನ್ನು ಚಿವುಟಿದೆ. ನಾಯಿ ಹಿಡಿದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು, ಮುಳ್ಳು ಚುಚ್ಚಿತೇ ಎಂದು ಕೇಳಿದರು. ಇಲ್ಲ, ಚಳಿ ಎಂದೆ. ನಿಜಕ್ಕೂ ಚಳಿಯೇ, ಅಲ್ಲಿ ಜೂನ್ ಎಂದರೆ ಚಳಿಗಾಲ. ಹುಲ್ಲಿನ ಮೇಲೆಲ್ಲ ಇಬ್ಬನಿ ಬೆಳ್ಳಗೆ ಗಟ್ಟಿಯಾಗಿತ್ತು. ಆದರೂ ಆಫೀಸಿಗೆ ಹೋಗಿ ಮಧ್ಯಾಹ್ನದವರೆಗೆ ಮೇಜಿನ ಕೆಳಗೆ ಬೆರಳು ಆಡಿಸುತ್ತಲೇ ಇದ್ದೆ.

ಜೂನ್ ೨೨, ಶುಕ್ರವಾರ, ಆಫೀಸಿಗೆ ರಜೆ ಹಾಕಿ ಮೆಲ್ಬರ್ನ್‌ಗೆ ಹೋದೆ. ಅಕ್ಕ ಕರೆದಳು ಎನ್ನುವುದಕ್ಕಿಂತ ಹೆಚ್ಚಾಗಿ, ನನಗೆ ಒಬ್ಬಳೇ ಇನ್ನೊಂದು ಶನಿವಾರ ಸ್ಕೇಲು ಹತ್ತುವ ಧೈರ್ಯ ಇರಲಿಲ್ಲ. ಹೊರಡುವಾಗ ಜೊತೆಯ ಹುಡುಗಿ ಒಂದು ಕೆಲಸ ಹೇಳಿದಳು.

"ನಿಮ್ಮಕ್ಕನ ಹತ್ರ ಆ ಸಬ್ಬಕ್ಕಿ ಉಪ್ಪಿಟ್ಟು ಹೇಗ್ ಮಾಡೋದು ಅಂತ ಕರೆಕ್ಟಾಗಿ ಬರ್ಕೊಂಡ್ ಬಾರೆ. ನೀನ್ ಮಾಡಿದ್ರೆ ಗೋಂದು ಆಗುತ್ತೆ."

ಶನಿವಾರ ಬೆಳಿಗ್ಗೆ ಅಕ್ಕನ ಮನೆಯ ಸ್ಕೇಲು ೭೯.೧ ತೋರಿಸಿತು. ಬೇರೆ ಸ್ಕೇಲು, ಬೇರೆ ಲೆಕ್ಕ ಎಂದು ನೋಟ್‌ಬುಕ್ಕಿನಲ್ಲಿ ಬರೆದೆ. ಬರೆದ ಮೇಲೂ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಟಬ್ಬಿನ ಅಂಚಿನ ಮೇಲೆ ಕೂತಿದ್ದೆ. ಹೊರಗೆ ಅಕ್ಕನ ಮಗಳು ಬಾಗಿಲು ಬಡಿಯುತ್ತಿದ್ದಳು. "ಮೌಶಿ, ಆರ್ ಯು ಡನ್?"

ಅಂದು ಅಕ್ಕನಿಗೂ ನನಗೂ ಒಪ್ಪತ್ತು. ಮಧ್ಯಾಹ್ನ ಎರಡು ಚಪಾತಿ, ಹೆಸರುಕಾಳಿನ ಪಲ್ಯ, ಸ್ವಲ್ಪ ಮೊಸರು ಉಂಡು ೪೩೦ ಎಂದು ಬರೆದೆ. ರಾತ್ರಿಯ ಜಾಗದಲ್ಲಿ ಆಗಲೇ ಸೊನ್ನೆ ಹಾಕಿಬಿಟ್ಟೆ. ಸಂಜೆ ಐದಕ್ಕೆ ಮಾಮಾ, ಅಂದರೆ ಅಕ್ಕನ ಗಂಡ, ಮಗಳಿಗೆ ಪಾಸ್ತಾ ಮಾಡುತ್ತ ಒಂದು ಒಲೆ ಹಿಡಿದಿದ್ದರು. ಇನ್ನೊಂದರ ಮುಂದೆ ಅಕ್ಕ. ಮಗಳು ಇಣುಕಿ ನೋಡಿ, "ಇಟ್ಸ್ ಸ್ಟಿಕಿ" ಎಂದು ಮೂಗು ಮುರಿದು ಹೋದಳು.

"ಇಲ್ಲಿ ಹುಟ್ಟಿದ ಮಂದಿಗೆ ಏನ ತಿಳೀತದ" ಎಂದಳು ಅಕ್ಕ. "ಬರಕೋ. ಸಾಬೂದಾಣಿ ಒಂದೂವರೆ ಬಟ್ಟಲ."

ನಾನು ಅಡುಗೆಕಟ್ಟೆಯ ಮೇಲೆ ನೋಟ್‌ಬುಕ್ ಬಿಚ್ಚಿ ಕಡೆಯ ಹಾಳೆಯಲ್ಲಿ ಬರೆಯತೊಡಗಿದೆ. ಫೆಬ್ರವರಿಯಿಂದ ಯಾವ ಅಡುಗೆ ಬರೆದುಕೊಂಡರೂ ಸಾಮಾನಿನ ಪಕ್ಕದಲ್ಲಿ ನರ್ಸ್ ಕೊಟ್ಟ ಪಟ್ಟಿ ನೋಡಿ ಕ್ಯಾಲೊರಿ ಹಾಕುವುದು ನನಗೆ ಅಭ್ಯಾಸವಾಗಿತ್ತು. ಕೈ ತಾನಾಗಿಯೇ ಹಾಕುತ್ತ ಹೋಯಿತು. ಸಬ್ಬಕ್ಕಿ ಒಂದೂವರೆ ಬಟ್ಟಲು, ಸುಮಾರು ೮೦೦. ಹುರಿದ ಶೇಂಗಾದ ಪುಡಿ ಮುಕ್ಕಾಲು ಬಟ್ಟಲು, ೫೧೦. ತುಪ್ಪ ನಾಲ್ಕು ದೊಡ್ಡ ಚಮಚ, ೪೫೦. ಆಲೂಗಡ್ಡೆ ಎರಡು, ೨೫೦. ಜೀರಿಗೆ, ಹಸಿಮೆಣಸಿನಕಾಯಿ, ಉಪ್ಪು.

ಕೂಡಿಸಿದೆ. ೨,೦೧೦. ಇಬ್ಬರಿಗೆ. ಅರ್ಧ ಎಂದರೆ ೧,೦೦೫.

ಕಟ್ಟೆಯ ಮೇಲೆ ಉಳಿದ ಫಲಾಹಾರ ಸಿದ್ಧವಾಗಿತ್ತು. ಬಾಳೆಹಣ್ಣು, ಸಕ್ಕರೆ ಹಾಕಿದ ಹಾಲು, ತಲಾ ಒಂದು ಶೇಂಗಾ ಉಂಡೆ. ಅವನ್ನೂ ಸೇರಿಸಿದೆ. ೧,೪೩೦. ದಿನದ ಲೆಕ್ಕದ ಪುಟದಲ್ಲಿ ಅದೇ ರಾತ್ರಿಯ ಮುಂದೆ, ಮಧ್ಯಾಹ್ನವೇ ಬರೆದಿಟ್ಟಿದ್ದ ಸೊನ್ನೆ.

"ಯಾಕ ಸುಮ್ನಾದಿ? ಉಪ್ಪು ಬರಕೊಂಡೀ?"

"ಅಕ್ಕಾ, ಇದನ್ನ ತಿಂದರ ಊಟ ಮಾಡಿಧಂಗ ಅಲ್ಲೇನು?"

"ಊಟ ಹೆಂಗಾದೀತವಾ? ಅಕ್ಕಿ ಇಲ್ಲ, ಗೋಧಿ ಇಲ್ಲ. ಫಳಾರ ಇದು."

"ಇದರಾಗ ಸಾವಿರದ ಮ್ಯಾಲೆ ಕ್ಯಾಲೊರಿ ಅದ."

"ಕ್ಯಾಲೊರಿ ನಿಮ್ಮ ಡಾಕ್ಟರಂದು, ಒಪ್ಪತ್ತು ದೇವರದು. ಎರಡನ್ನೂ ಕೂಡಿಸಿ ಕಲಸಬ್ಯಾಡ." ಅಕ್ಕ ಸೌಟಿನಿಂದ ಬಾಣಲೆಯ ಅಂಚು ಕುಟ್ಟಿದಳು.

ಮಾಮಾ ಪಾಸ್ತಾ ಸೋಸುತ್ತ, "ಹತ್ತು ವರ್ಷದಿಂದ ಇದನ್ನಽ ಹೇಳಲಿಕ್ಕೆ ಹತ್ತೀನಿ. ಈಕಿ ಒಪ್ಪತ್ತಿನ ದಿನ ನನ್ನ ಡಬಲ್ ತಿಂತಾಳ" ಎಂದರು.

"ನೀವು ಸುಮ್ನ ನಿಮ್ಮ ಶ್ಯಾವಿಗಿ ನೋಡ್ರಿ."

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಹಿಂದಿನ ಪುಟಗಳನ್ನು ತಿರುವಿ ಎಣಿಸಿದೆ. ಎಂಟು ಶನಿವಾರ, ಐದು ಸೋಮವಾರ, ಮೂರು ಗುರುವಾರ. ಹದಿನಾರು ದಿನ. ಪ್ಯಾರಮಟ್ಟಾದಲ್ಲಿ ಆ ದಿನಗಳಲ್ಲಿ ಏನು ತಿಂದೆನೆಂದು ನೆನಪು ಮಾಡಿಕೊಂಡೆ. ಮೊಸರವಲಕ್ಕಿ, ಖರ್ಜೂರ, ಶೇಂಗಾ, ಗೋಂದಿನಂಥ ನನ್ನದೇ ಸಬ್ಬಕ್ಕಿ. ಹೊಟ್ಟೆ ತುಂಬ ತಿಂದು, ಕೈ ತೊಳೆದು, ಅದೇ ಕೈಯಿಂದ ಸೊನ್ನೆ ಬರೆದಿದ್ದೆ. ಸುಳ್ಳು ಬರೆಯುತ್ತಿದ್ದೇನೆ ಎಂದು ಒಂದು ದಿನವೂ ಅನಿಸಿರಲಿಲ್ಲ. ಹೆದರಿದಷ್ಟೂ ಉಪವಾಸ ಸೇರಿಸಿದ್ದೆ, ಉಪವಾಸ ಸೇರಿಸಿದಷ್ಟೂ ಹೆಚ್ಚು ತಿಂದಿದ್ದೆ.

ಕಾರಣ ಸಿಕ್ಕಿತಲ್ಲ, ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಯಾಕೆಂದರೆ ಅಷ್ಟರಲ್ಲಿ ನನಗೆ ಇನ್ನೊಂದು ನೋಟ್‌ಬುಕ್ ನೆನಪಾಗಿತ್ತು.

"ಅಕ್ಕಾ, ಶನಿವಾರ ಅಪ್ಪ ಪಟ್ಟಿ ಅದ್ದಿ ನೋಡತಿದ್ದನೇನು?"

ಅಕ್ಕ ತಿರುವುತ್ತಿದ್ದ ಸೌಟನ್ನು ನಿಲ್ಲಿಸಿದಳು. "ಇಲ್ಲ. ಇವತ್ತ ಏನೂ ತಿಂದಿಲ್ಲ, ಏನ ನೋಡೂದು ಅಂತಿದ್ದಾ."

ಹೌದು. ಶನಿವಾರಗಳ ಮುಂದೆ ನಾನು ಅಡ್ಡಗೆರೆ ಎಳೆಯುತ್ತಿದ್ದೆ. ಆ ನೋಟ್‌ಬುಕ್ಕಿನಲ್ಲಿ ಪ್ರತಿ ಆರು ಬಣ್ಣಗಳ ನಂತರ ಒಂದು ಅಡ್ಡಗೆರೆ. ಏಳನೆಯ ತರಗತಿಯ ಹುಡುಗಿ ಅಳತೆಪಟ್ಟಿ ಇಟ್ಟು ಎಳೆದ, ಅಚ್ಚುಕಟ್ಟಾದ ಗೆರೆ. ಶನಿವಾರದ ರಾತ್ರಿ ಅಪ್ಪನ ತಟ್ಟೆಯಲ್ಲಿ ಏನಿರುತ್ತಿತ್ತೆಂದು ನನಗೆ ಚೆನ್ನಾಗಿ ಗೊತ್ತು, ಪಕ್ಕದಲ್ಲೇ ಕೂತು ನಾನೂ ತಿನ್ನುತ್ತಿದ್ದೆ. ಆ ಗೆರೆಗಳಿಂದಲೇ ಅಪ್ಪನ ಕಾಲು ಹೋಯಿತು ಎಂದು ನಾನು ಹೇಳುವುದಿಲ್ಲ. ಉಳಿದ ಆರು ದಿನಗಳ ಬಣ್ಣಗಳೂ ಒಳ್ಳೆಯವೇನಾಗಿರಲಿಲ್ಲ. ಆದರೆ ಅಡುಗೆಕಟ್ಟೆಯ ಅಂಚು ಹಿಡಿದು ನಿಂತಿದ್ದ ನನಗೆ ಅನಿಸಿದ್ದು ಒಂದೇ: ನನ್ನ ಪೆನ್ನನ್ನು ನಾನು ನಂಬುವ ಹಾಗಿಲ್ಲ. ಇಷ್ಟು ದಿನ ಸ್ಕೇಲಿಗೆ ಹೆದರಿದ್ದೆ. ಈಗ ನನಗೇ ಹೆದರಿದೆ.

ಅಂದು ರಾತ್ರಿ ಅರ್ಧ ತಟ್ಟೆ ತಿಂದೆ. ಸೊನ್ನೆ ಹೊಡೆದುಹಾಕಿ ೫೦೦ ಎಂದು ಬರೆದೆ. ಅಕ್ಕ ನನ್ನ ತಟ್ಟೆ ನೋಡಿ, ಉಳಿದದ್ದನ್ನು ಡಬ್ಬಿಗೆ ಹಾಕಿದಳು.

ಸಿಡ್ನಿಗೆ ಮರಳಿ ಸೋಮವಾರ, ಗುರುವಾರಗಳ ಉಪವಾಸ ಬಿಟ್ಟೆ. ಶನಿವಾರ ಒಪ್ಪತ್ತು ಉಳಿಸಿಕೊಂಡೆ, ರಾತ್ರಿಗೆ ಒಂದು ಸೇಬು, ಒಂದು ಲೋಟ ಮಜ್ಜಿಗೆ. 'ಊಟದ ಕ್ಯಾಲೊರಿ' ಎಂಬ ಅಂಕಣದ ತಲೆಬರಹ ಹೊಡೆದು 'ಬಾಯಿಗೆ ಹೋದದ್ದು' ಎಂದು ಬರೆದೆ. ಶುಂಠಿ ಪೆಪ್ಪರ್ಮಿಂಟೂ ಬರೆದೆ. ಪ್ರಸಾದದ ಸಕ್ಕರೆಯನ್ನೂ ಬರೆದೆ, ಬರೆಯುವಾಗ ಕಣ್ಣು ಮುಚ್ಚಿ ದೇವರಿಗೆ ತಪ್ಪಾಯಿತು ಅಂದುಕೊಂಡು ಬರೆದೆ.

ಜೂನ್ ೩೦: ೭೮.೬. ಜುಲೈ ೭: ೭೮.೪.

ಇಡೀ ವರ್ಷದಲ್ಲಿ ಅತ್ಯಂತ ಭಯವಾದದ್ದು ಈ ಎರಡು ಸಾಲುಗಳಿಗೆ. ಮೊದಲಾದರೆ ಗೊತ್ತಿಲ್ಲದ ತಪ್ಪೊಂದು ಎಲ್ಲೋ ಇದೆ ಎಂಬ ಆಸೆಯಾದರೂ ಇತ್ತು. ಈಗ ತಪ್ಪು ತಿದ್ದಿದ ಮೇಲೂ ಅಂಕಿ ಅಲ್ಲೇ ನಿಂತಿತ್ತು. ಹಾಗಾದರೆ ದೋಷ ನನ್ನ ತಿನ್ನುವಿಕೆಯಲ್ಲಿಲ್ಲ, ರಕ್ತದಲ್ಲೇ ಇದೆ, ಅಪ್ಪನಿಂದ ಬಂದದ್ದು, ನಾನು ಹೊಳೆಯ ಪಕ್ಕ ಎಷ್ಟು ನಡೆದರೂ ಅಷ್ಟೇ. ಜುಲೈ ೭ರ ಬೆಳಿಗ್ಗೆ ನಡಿಗೆಯನ್ನು ನಿಲ್ಲಿಸಿಬಿಡೋಣ ಎನಿಸಿತು. ಶೂ ಹಾಕಿಕೊಂಡು, ಲೇಸ್ ಕಟ್ಟದೆ, ಬಾಗಿಲ ಬಳಿ ಕೂತಿದ್ದೆ.

ಜೊತೆಯ ಹುಡುಗಿ ಎದ್ದು ಬಂದು ನೋಡಿದಳು. ಈ ಸಲ ತಮಾಷೆ ಮಾಡಲಿಲ್ಲ. ಎದುರಿಗೆ ನೆಲದ ಮೇಲೆ ಕೂತಳು.

"ಮುಂದಿನ ಶನಿವಾರದಿಂದ ನೀನು ನಂಬರ್ ನೋಡಬೇಡ. ಕಣ್ಣು ಮುಚ್ಕೊಂಡು ಹತ್ತು, ನಾನು ನೋಡಿ ಬರೀತೀನಿ. ನಿಂಗೆ ಹೇಳಲ್ಲ."

"ನಿನ್ನ ಮುಖ ನೋಡಿದರೆ ತಿಳಿಯುತ್ತೆ."

"ನನ್ ಮುಖಾನೂ ನೋಡಬೇಡ. ಈಗ ಏಳು, ನಾನೂ ಬರ್ತೀನಿ. ಆದ್ರೆ ಅಷ್ಟು ಜೋರಾಗಿ ನಡೆಯಲ್ಲ, ಹೇಳಿದ್ದೀನಿ."

ಅಂದು ಅವಳ ನಿಧಾನದಿಂದಾಗಿ ನಲವತ್ತನಾಲ್ಕರ ದಾರಿಗೆ ಐವತ್ತೆಂಟು ನಿಮಿಷ ಹಿಡಿಯಿತು. ಹಾಗೆಯೇ ಬರೆದೆ. ದಿನ ತಪ್ಪಲಿಲ್ಲ.

ಜುಲೈ ೧೪ರಂದು ನಾನು ಕಣ್ಣು ಮುಚ್ಚಿ ಸ್ಕೇಲಿನ ಮೇಲೆ ನಿಂತಾಗ ಅವಳು ಬಗ್ಗಿ ಅಂಕಿ ನೋಡಿದಳು. ಆಮೇಲೆ, "ಹೇಳಲ್ಲ ಅಂದಿದ್ದೆ ಅಲ್ವಾ? ಹೇಳ್ತೀನಿ. ಎಪ್ಪತ್ತೇಳು ಪಾಯಿಂಟ್ ಏಳು" ಎಂದು ಕೂಗಿದಳು. ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ಬದಲಾಗುತ್ತದೆ ಎಂದು ಹೆದರಿ, ಇನ್ನೊಮ್ಮೆ ಓದು ಎಂದೆ.

ಆಗಸ್ಟ್ ೧೧ಕ್ಕೆ ೭೬.೫ ಇತ್ತು. ಹೇಳಿದ ಏಳು ಕಿಲೋಗೆ ಮುನ್ನೂರು ಗ್ರಾಂ ಬಾಕಿ.

ಆಗಸ್ಟ್ ೧೩, ಸೋಮವಾರ, ಬೆಳಿಗ್ಗೆ ಎಂಟಕ್ಕೆ ರಕ್ತ ಕೊಡಲು ಹೋದೆ. ರಕ್ತ ತೆಗೆಯುವ ಹೆಂಗಸು ಸೂಜಿಯ ಪೊಟ್ಟಣ ಬಿಚ್ಚುತ್ತ, ನಿನ್ನೆ ರಾತ್ರಿಯಿಂದ ಏನೂ ತಿಂದಿಲ್ಲವಲ್ಲ ಎಂದು ಕೇಳಿದಳು. ಎಲ್ಲರನ್ನೂ ಕೇಳುವ ಪ್ರಶ್ನೆ. ಏನೂ ಎಂದರೆ ಏನು ಎಂದು ಯೋಚಿಸಿದೆ. ರಾತ್ರಿ ಎಂಟಕ್ಕೆ ಊಟ. ಆಮೇಲೆ ಹಾಲಿಲ್ಲ, ಹಣ್ಣಿಲ್ಲ, ಪ್ರಸಾದವಿಲ್ಲ, ಬಾಯಲ್ಲಿ ಏಲಕ್ಕಿಯೂ ಇಲ್ಲ. ಬೆಳಿಗ್ಗೆ ಎರಡು ಲೋಟ ನೀರು. ಎಲ್ಲವನ್ನೂ ಹೇಳಿದೆ. ಅವಳು ನಕ್ಕು, ಇಷ್ಟು ವಿವರ ಬೇಕಿರಲಿಲ್ಲ ಎಂದು ತೋಳಿಗೆ ಪಟ್ಟಿ ಬಿಗಿದಳು.

ಆಗಸ್ಟ್ ೧೬, ಗುರುವಾರ. ಡಾಕ್ಟರಮ್ಮ ಫಲಿತಾಂಶದ ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. ೬.೦.

ಕೆಳಗಿನ ಗೆರೆಗಿಂತ ಒಂದೇ ಒಂದು ದಶಾಂಶ ಕೆಳಗೆ. ಮಾತ್ರೆ ಬೇಡ ಎಂದರು. ಮತ್ತೆ ಆರು ತಿಂಗಳಿಗೆ ನೋಡೋಣ, ಇದು ಗೆದ್ದಾಯಿತು ಎನ್ನುವ ಕಾಯಿಲೆಯಲ್ಲ, ಆದರೆ ನೀನು ಚೆನ್ನಾಗಿ ಮಾಡಿದ್ದೀಯ ಎಂದರು. ನಾನು ತಲೆಯಾಡಿಸಿದೆ. ಹೆದರಿಕೆ ಹೋಗಿಬಿಡುತ್ತದೆ ಎಂದುಕೊಂಡಿದ್ದೆ, ಹೋಗಲಿಲ್ಲ. ಆರು ತಿಂಗಳ ಆಚೆಗೆ ಸರಿದು ಕೂತಿತು. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನ್ ಮಾಡಿದೆ.

"ಆರು" ಎಂದೆ. "ಆರು ಪಾಯಿಂಟ್ ಸೊನ್ನೆ. ಮಾತ್ರಿ ಬ್ಯಾಡ ಅಂದರು."

"ದೇವರು ದೊಡ್ಡಾಂವಾ" ಎಂದಳು ಅಕ್ಕ. ಲೈನ್ ಕಟ್ಟಾಯಿತೇನೋ ಎಂದು ಫೋನಿನ ಪರದೆ ನೋಡಿದೆ, ಸೆಕೆಂಡುಗಳು ಓಡುತ್ತಿದ್ದವು.

"ಅಕ್ಕಾ?"

"ಅದೇನವಾ, ರಕ್ತ ಕೊಡೂಕಿಂತ ಮೊದಲ ಎಷ್ಟು ತಾಸು ತಿನಬಾರದು?"

ಅವಳ ದನಿ ಚಿಕ್ಕದಾಗಿತ್ತು. ಅಕ್ಕನಿಗೆ ಮೂವತ್ಮೂರು. ಇಷ್ಟು ದಿನ ನನ್ನ ಅಂಕಿಗಳನ್ನು ಬರೆದುಕೊಂಡ ನಾನು, ಅದೇ ಅಪ್ಪನ ಇನ್ನೊಬ್ಬ ಮಗಳನ್ನು, ನಿನ್ನ ಸಕ್ಕರೆ ನೋಡಿಸಿದ್ದೀಯಾ ಎಂದು ಒಂದು ಸಲವೂ ಕೇಳಿರಲಿಲ್ಲ.

"ಹತ್ತು ತಾಸು" ಎಂದೆ. "ಹನ್ನೆರಡಾದರ ಇನ್ನೂ ಛಲೋ."

"ಹಾಲು?"

"ಬ್ಯಾಡ."

"ನೀರರೆ ಕುಡೀಬಹುದಿಲ್ಲೋ?"

"ನೀರು ಕುಡೀಬಹುದು ಅಕ್ಕಾ. ನಾ ನಾಳೆ ಸಂಜಿ ಬರತೀನಿ, ಸೋಮವಾರ ಕೂಡೇ ಹೋಗೂಣು."

ಬೇಡ, ಅಷ್ಟು ದೂರದಿಂದ ಯಾಕೆ ಎಂದು ಅವಳು ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಲಿಲ್ಲ. ಎಷ್ಟು ಗಂಟೆಯ ಫ್ಲೈಟು ಎಂದು ಕೇಳಿದಳು.